ಆ ಕಿಟಕಿಗೆ ಕೆಂಪು ಯಾಕೆ ಬಳಿದ್ರಿ?

ಸಂಪಾದಕರಿಗೆ ನಮಸ್ಕಾರ,

ಮೂರು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಯೋಗಾತ್ಮಕ ಸಿನಿಮಾಗಳ ಬಗ್ಗೆ ಒಂದು ಲೇಖನ ಬಂದಿತ್ತಲ್ಲ, ಅದ್ರ ಪಕ್ಕದಲ್ಲಿ ಒಂದು ಇಂಕ್ ಚಿತ್ರ ಹಾಕಿದ್ರಿ, ಬಾಗಿಲ ಚೌಕಟ್ಟಿನೊಳಗೆ ಮುದುರ್ಕೊಂಡು ಕೂತಿರೋ ಒಂದು ಜೀವಿ, ಬೆನ್ನು ಮೇಲಿನ ಸೂರಿಗೆ ತಾಗಿದೆ, ಮುಖ ಇರ್ಬೇಕಾದ ಜಾಗದಲ್ಲಿ ಒಂದು ಕಿಟಕಿ, ಕೆಳಗೆ ಮೂರು ಕಾಲು, ಅದ್ರಲ್ಲಿ ಒಂದಕ್ಕೆ ಮಾತ್ರ ಶೂ. ಈ ಪತ್ರ ಆ ಚಿತ್ರದ ಬಗ್ಗೆ. ಲೇಖನ ಚೆನ್ನಾಗೇ ಇತ್ತು, ಅದ್ರ ಬಗ್ಗೆ ನನ್ನದೇನೂ ಇಲ್ಲ.

ಆಮೇಲಿನ ಎರಡು ವಾರ ಓದುಗರ ಪತ್ರಗಳ ಕಾಲಮ್‌ನಲ್ಲಿ ಆ ಚಿತ್ರಕ್ಕೆ ಸರಿಯಾಗಿ ಉಗಿದ್ರು. ಒಬ್ರು, ಭಾನುವಾರ ಬೆಳಗ್ಗೆ ಇಂಥ ವಿಕಾರ ಯಾಕ್ರೀ, ಮನೇಲಿ ಮಕ್ಕಳೂ ಪೇಪರ್ ನೋಡ್ತಾರೆ ಅಂದ್ರು. ಇನ್ನೊಬ್ರು ಸ್ವಲ್ಪ ಓದ್ಕೊಂಡೋರು ಇರ್ಬೇಕು, ಸಿನಿಮಾ ನೋಡಿ ಬರೆದಿದ್ದು ಅಂದ್ಮೇಲೆ ಅದು ಕಾಪಿನೇ, ಸ್ವಂತ ಕಲ್ಪನೆ ಎಲ್ಲಿ ಅಂತ ಕೇಳಿದ್ರು. ನನಗೆ ಇಬ್ರ ಮೇಲೂ ಸಿಟ್ಟಿಲ್ಲ, ಯಾಕಂದ್ರೆ ಅವ್ರು ಆ ಚಿತ್ರ ನೋಡೇ ಇಲ್ಲ, ನೀವು ಅಚ್ಚು ಹಾಕಿದ್ದನ್ನ ನೋಡಿದ್ದಾರೆ ಅಷ್ಟೇ. ನನ್ನ ಜಗಳ ಏನಿದ್ರೂ ನಿಮ್ಮ ಪುಟ ಕಟ್ಟೋರ ಜೊತೆ.

ಆ ಕಲಾವಿದರು ಮೂಲ ಚಿತ್ರನ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕ್ಕೊಂಡಿದ್ದಾರೆ, ನಾನು ಮೊದಲೇ ಅಲ್ಲಿ ನೋಡಿದ್ದೆ, ಎರಡು ಬೆರಳಿಟ್ಟು ಹಿಗ್ಗಿಸಿ ಮೂಲೆ ಮೂಲೆ ನೋಡಿದ್ದೆ. ಅದ್ರಲ್ಲಿರೋದು ಎರಡೇ, ಕಪ್ಪು ಇಂಕು ಮತ್ತೆ ಬಿಳಿ ಕಾಗದ. ಬೂದು ಅಂತ ಕಾಣೋದೆಲ್ಲ ಗೆರೆ ಮೇಲೆ ಗೆರೆ ಅಡ್ಡಡ್ಡ ಎಳೆದು ಕಣ್ಣಿಗೆ ಮಾಡಿರೋ ಮೋಸ, ಕ್ರಾಸ್ ಹ್ಯಾಚಿಂಗ್ ಅಂತೀವಲ್ಲ ಅದು. ಆ ಕಿಟಕಿ ಒಳಗೆ ಮಾತ್ರ ಒಂದು ಗೆರೇನೂ ಇಲ್ಲ. ಇಡೀ ಹಾಳೆಗೆ ಕತ್ತಲೆ ತುಂಬ್ಕೊಂಡು ಬಂದು ಅಲ್ಲಿಗೆ ಬಂದಾಗ ಕೈ ನಿಲ್ಸಿದ್ದಾರೆ. ನಿಬ್ ಹಿಡಿದು ಕೂತೋರಿಗೆ ಗೊತ್ತು ಅಲ್ಲಿ ಕೈ ನಿಲ್ಸೋದು ಎಷ್ಟು ಕಷ್ಟ ಅಂತ, ಒಂದು ಕಣ್ಣಾದ್ರೂ ಇಡೋಣ, ಒಂದು ನೆರಳಾದ್ರೂ ಎಳೆಯೋಣ ಅಂತ ಕೈ ತುರಿಸ್ತಾನೇ ಇರತ್ತೆ.

ನೀವು ಆ ಬಿಳಿಗೆ ತೆಳು ಕೆಂಪು ಟಿಂಟ್ ಹಾಕಿದ್ರಿ! ಪುಟದ ಹೆಡ್ಡಿಂಗ್ ಕೆಂಪು ಇತ್ತು, ಮ್ಯಾಚ್ ಆಗ್ಲಿ ಅಂತ ಇರ್ಬೇಕು. ಅದಾದ್ಮೇಲೆ ಚಿತ್ರನ ಬೆಂಕಿಪೊಟ್ಟಣದ ಸೈಜಿಗೆ ಇಳಿಸಿದ್ರಿ, ಗೆರೆಗಳೆಲ್ಲ ಸೇರ್ಕೊಂಡು ಬೂದು ಮಸಿ ಆಯ್ತು, ಕೆಳಗೆ ‘ಆಧುನಿಕ ಮನುಷ್ಯನ ಒಂಟಿತನದ ಸಂಕೇತ’ ಅಂತ ಒಂದು ಕ್ಯಾಪ್ಷನ್ ಬೇರೆ. ಬರೆದೋರ ಹೆಸರು ಎಲ್ಲೂ ಇಲ್ಲ. ಕೆಂಪು ಕಿಟಕಿ ಇರೋ ಬೂದು ಮುದ್ದೆ ನೋಡಿದ್ರೆ ಯಾರಿಗಾದ್ರೂ ಯಾವುದೋ ಅಗ್ಗದ ದೆವ್ವದ ಸಿನಿಮಾ ಪೋಸ್ಟರೇ ನೆನಪಾಗೋದು, ಮಕ್ಕಳ ಬಗ್ಗೆ ಪತ್ರ ಬರೆದೋರದು ತಪ್ಪೇ ಅಲ್ಲ.

ನಾನು ಕಲಾವಿದ ಅಲ್ಲ, ಹಗಲು ಲೆಕ್ಕಪತ್ರದ ಕೆಲಸ. ರಾತ್ರಿ ಊಟ ಆದ್ಮೇಲೆ ಒಂದು ಗಂಟೆ ಇಂಕು ನಿಬ್ ಹಿಡ್ಕೊಂಡು ಕೂರ್ತೀನಿ, ಹನ್ನೊಂದು ವರ್ಷ ಆಯ್ತು, ಯಾರಿಗೂ ತೋರ್ಸಲ್ಲ. ಆದ್ರೆ ನಾನು ಬರೆಯೋದೂ ಇದೇ ಜಾತಿ ಚಿತ್ರಗಳು, ಸಣ್ಣ ಬಜೆಟ್ಟಿನ ಕಪ್ಪು ಬಿಳುಪು ವಿಚಿತ್ರ ಸಿನಿಮಾಗಳನ್ನ ನೋಡಿ ಹುಟ್ಟೋ ವಿಚಿತ್ರ ಪ್ರಾಣಿಗಳು, ಅದಕ್ಕೇ ಸುಮ್ನೆ ಇರೋಕಾಗಲಿಲ್ಲ.

ಮೊದಲು ಆ ಕಾಪಿ ಅನ್ನೋ ಮಾತಿಗೆ ಬರ್ತೀನಿ. ಶುರುವಿನಲ್ಲಿ ನಾನೂ ಹಾಗೇ ಅಂದ್ಕೊಂಡಿದ್ದೆ, ಸಿನಿಮಾ ಹಾಕೋದು, ಭಯ ಆಗೋ ಜಾಗದಲ್ಲಿ ನಿಲ್ಸೋದು, ಪರದೆ ಮೇಲಿರೋದನ್ನ ನೋಡ್ಕೊಂಡು ಬರೆಯೋದು. ಆರು ತಿಂಗಳು ಹೀಗೆ ಮಾಡ್ದೆ. ಒಂದೂ ಸರಿ ಬರಲಿಲ್ಲ. ಸಿನಿಮಾದಲ್ಲಿ ಎದೆ ಝಲ್ ಅನ್ಸಿದ ಶಾಟು ನಿಲ್ಸಿದ ತಕ್ಷಣ ಸತ್ತೋಗತ್ತೆ, ನೋಡಿದ್ರೆ ಒಬ್ಬ ಮನುಷ್ಯ ಒಂದು ಗೋಡೆ, ಅಷ್ಟೇ, ಮೂತಿಗೆ ಮೇಕಪ್ ಹಾಕಿದ್ದೂ ಕಾಣತ್ತೆ. ಸೆಕೆಂಡಿಗೆ 24 ಫ್ರೇಮ್ ಓಡೋವಾಗ ಇದ್ದಿದ್ದು ಒಂದು ಫ್ರೇಮ್‌ನಲ್ಲಿ ಇಲ್ಲ ಅಂದ್ರೆ ಅದು ಫ್ರೇಮ್‌ನಲ್ಲಿ ಇರ್ಲೇ ಇಲ್ಲ ಅಂತ ತಾನೇ, ನನ್ನ ತಲೇಲಿ ಇತ್ತು. ಇದು ಗೊತ್ತಾಗೋಕೆ ನನಗೆ ಆರು ತಿಂಗಳು ಮತ್ತೆ ಎರಡು ಬಾಟ್ಲಿ ಇಂಕು ಬೇಕಾಯ್ತು.

ಆಮೇಲೆ ಬೇರೆ ದಾರಿ ಹಿಡಿದೆ, ನನಗೆ ಗೊತ್ತಿರೋ ಇನ್ನೂ ಕೆಲವ್ರು ಹೆಚ್ಚುಕಮ್ಮಿ ಹೀಗೇ ಮಾಡ್ತಾರೆ. ಸಿನಿಮಾನ ನಿಲ್ಸದೆ ಪೂರ್ತಿ ನೋಡ್ಬೇಕು. ಮಡಿಲಲ್ಲಿ ಒಂದು ಹಾಳೆ, ಕೈಯಲ್ಲಿ ಪೆನ್ಸಿಲ್, ರೂಮಿನ ಲೈಟ್ ಆಫ್, ಕಣ್ಣು ಪರದೆ ಮೇಲೆ, ಕೈ ಏನು ಗೀಚ್ತಿದೆ ಅಂತ ನೋಡೋ ಹಾಗಿಲ್ಲ. ಮುಗಿದ್ಮೇಲೂ ನೋಡದೆ ಹಾಳೆ ಮಗುಚಿಟ್ಟು ಮಲಗ್ಬೇಕು. ಮಾರನೇ ದಿನ ತೆಗೆದು ನೋಡಿದ್ರೆ ಅದ್ರಲ್ಲಿ ಸಿನಿಮಾದ ಯಾವ ದೃಶ್ಯಾನೂ ಇರಲ್ಲ, ಒಂದು ಮೆಟ್ಟಿಲ ಮೇಲೆ ಒಂದು ಕುತ್ತಿಗೆ ಕೂತಿರತ್ತೆ, ಕುರ್ಚಿ ಕಾಲಿಗೆ ಬೆರಳು ಮೂಡಿರತ್ತೆ, ಯಾರದ್ದೋ ಭುಜ ಹೋಗಿ ಬಾಗಿಲಿಗೆ ಅಂಟ್ಕೊಂಡಿರತ್ತೆ. ಆ ಗೋಜಲಿನೊಳಗೆ ಎಲ್ಲೋ ಒಂದು ಪ್ರಾಣಿ ಅಡಗಿರತ್ತೆ, ಅದನ್ನ ಇಂಕಿನಲ್ಲಿ ಹುಡುಕಿ ತೆಗೆಯೋದೇ ಕೆಲಸ. ಹತ್ತರಲ್ಲಿ ಎಂಟು ಸಲ ಸಿಗಲ್ಲ, ಹಾಳೆ ಹರಿದು ಬಿಸಾಕ್ತೀನಿ. ಇದನ್ನ ಕಾಪಿ ಅನ್ನೋದಾದ್ರೆ ಕನಸೂ ಹಗಲಿನ ಕಾಪಿನೇ.

ಪ್ಯಾರಿಸ್ಸಿನ ಸರ್ರಿಯಲಿಸ್ಟರು, ಅಂದ್ರೆ ಕನಸಿನ ಥರದ ವಿಚಿತ್ರಗಳನ್ನ ಬರೀತಿದ್ದ ಕಲಾವಿದರು, 1925ರ ಹೊತ್ತಿಗೇ ಇಂಥದ್ದೊಂದು ಆಟ ಆಡ್ತಿದ್ರು, ಹಾಳೆ ಮಡಚಿ ಒಬ್ಬ ತಲೆ ಬರೆಯೋದು, ಅದನ್ನ ನೋಡದೆ ಇನ್ನೊಬ್ಬ ಹೊಟ್ಟೆ ಬರೆಯೋದು, ಮೂರನೆಯವ ಕಾಲು. ಬಿಚ್ಚಿ ನೋಡಿದ್ರೆ ಯಾರೂ ಯೋಚನೆ ಮಾಡಿರದ ಒಂದು ಜಂತು. ನನಗೆ ಯಾವಾಗ್ಲೂ ಅನ್ಸೋದು, ಸಿನಿಮಾದ ಎಡಿಟಿಂಗ್ ಟೇಬಲ್ ಮೇಲೂ ನಡೆಯೋದು ಅದೇ ಅಂತ, ಒಂದು ತುಂಡು ಫಿಲಂಗೆ ಸಂಬಂಧಾನೇ ಇಲ್ಲದ ಇನ್ನೊಂದು ತುಂಡು ಅಂಟಿಸಿದ್ರೆ ನಡುವಿನ ಅಂಟಿನ ಜಾಗದಲ್ಲಿ ಏನೋ ಒಂದು ಹುಟ್ಕೊಳ್ಳತ್ತೆ. ನಿಮ್ಮ ಪುರವಣಿಯ ಆ ಮೂರು ಕಾಲಿನ ಜೀವಿ ಆ ಅಂಟಿನ ಜಾಗದಿಂದ ಬಂದಿರೋದು. ಅದು ಯಾವ ಸಿನಿಮಾದಲ್ಲೂ ಇಲ್ಲ, ಬೇಕಿದ್ರೆ ಹುಡುಕಿ ನೋಡಿ.

ಇನ್ನು ಇಂಕಿಗೂ ಈ ಸಿನಿಮಾಗಳಿಗೂ ಇರೋ ನಂಟು ಇವತ್ತು ನಿನ್ನೆದಲ್ಲ, ಪತ್ರ ಬರೆದೋರಿಗೆ ಇದು ಗೊತ್ತಿದ್ರೆ ಕಾಪಿ ಅಂತಿರಲಿಲ್ಲ ಅನ್ಸತ್ತೆ. 1920ರಲ್ಲಿ ಜರ್ಮನಿಯಲ್ಲಿ ಬಂದ ‘ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ ನೋಡಿದ್ರೆ ಅದ್ರ ಗೋಡೆ ನೆಲದ ಮೇಲಿರೋ ಎಷ್ಟೋ ನೆರಳು ಲೈಟಿನಿಂದ ಬಿದ್ದಿದ್ದಲ್ಲ, ಬಣ್ಣದಲ್ಲಿ ಬರೆದಿದ್ದು, ಸೆಟ್ ಮಾಡಿದ ಮೂವರಲ್ಲಿ ಇಬ್ರು ಚಿತ್ರಕಾರ್ರು. ಅಂದ್ರೆ ಕುಂಚದ ನೆರಳಿನೊಳಗೆ ಜೀವ ಇರೋ ನಟರು ಓಡಾಡ್ತಿದ್ರು. ಎರಡು ವರ್ಷ ಬಿಟ್ಟು ಬಂದ ‘ನಾಸ್ಫೆರಾಟು’ ಸಿನಿಮಾದಲ್ಲಿ ಆ ಉದ್ದ ಬೆರಳಿನ ರಕ್ತಪಿಶಾಚಿ ಮೆಟ್ಟಿಲು ಹತ್ತೋದು ಕಾಣಲ್ಲ, ಅವನ ನೆರಳು ಹತ್ತತ್ತೆ. ಆ ಶಾಟನ್ನ ಇಂಕಿನ ಬಾಟ್ಲಿಗೆ ಕುಂಚ ಅದ್ದಿ ಐದು ನಿಮಿಷದಲ್ಲಿ ಬರೀಬಹುದು, ಯಾಕಂದ್ರೆ ಅದು ಆಗ್ಲೇ ಇಂಕಿನ ಚಿತ್ರ.

ಇದಕ್ಕಿಂತ ನನಗೆ ಇಷ್ಟ ಆಗೋ ಕಥೆ ಅಲೆಕ್ಸಾಂಡರ್ ಅಲೆಕ್ಸೆಯೆಫ್‌ದು. ಆತ ಪುಸ್ತಕಗಳಿಗೆ ಎಚ್ಚಣೆ ಚಿತ್ರ, ಅಂದ್ರೆ ಲೋಹದ ತಗಡಿನ ಮೇಲೆ ಗೆರೆ ಮೂಡಿಸಿ ಅಚ್ಚು ಹಾಕೋ ಚಿತ್ರ, ಮಾಡ್ಕೊಂಡಿದ್ದೋನು, ನನ್ನ ಎಚ್ಚಣೆ ಅಲುಗಾಡ್ಬೇಕು ಅಂತ ತಲೆಗೆ ಹತ್ತಿಸ್ಕೊಂಡ. ಆತ ಮತ್ತೆ ಕ್ಲೇರ್ ಪಾರ್ಕರ್ ಅನ್ನೋ ಕಲಾವಿದೆ ಸೇರಿ ಒಂದು ದೊಡ್ಡ ಬಿಳಿ ಹಲಗೆಗೆ ಲಕ್ಷಗಟ್ಟಲೆ ಸಣ್ಣ ಪಿನ್ನು ತೂರಿಸಿ, ಪಕ್ಕದಿಂದ ಲೈಟ್ ಬಿಟ್ರು. ಪಿನ್ನು ಮುಂದೆ ಬಂದ್ರೆ ಉದ್ದ ನೆರಳು, ಆ ಜಾಗ ಕಪ್ಪು, ಹಿಂದೆ ತಳ್ಳಿದ್ರೆ ಬಿಳಿ. ಒಂದೊಂದು ಫ್ರೇಮಿಗೂ ಪಿನ್ನು ಒತ್ತಿ ಒತ್ತಿ 1933ರಲ್ಲಿ ‘ನೈಟ್ ಆನ್ ಬಾಲ್ಡ್ ಮೌಂಟನ್’ ಅಂತ ಎಂಟು ನಿಮಿಷದ ಸಿನಿಮಾ ಮಾಡಿದ್ರು, ಅದಕ್ಕೆ ಒಂದೂವರೆ ವರ್ಷ ಹಿಡೀತು. ಅದ್ರಲ್ಲಿ ದೆವ್ವಗಳು ಹೊಗೆ ಥರ ಮೂಡಿ ಕರಗ್ತವೆ, ಎಲ್ಲಿ ಮುಗೀತು ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ಒಬ್ಬ ಇಲಸ್ಟ್ರೇಟರ್ ತನ್ನ ಕಪ್ಪನ್ನ ಸಿನಿಮಾಗೆ ಕೊಟ್ಟ, ಈಗಿನ ಇಲಸ್ಟ್ರೇಟರ್‌ಗಳು ಅದನ್ನ ವಾಪಸ್ ಕಾಗದಕ್ಕೆ ತರ್ತಿದ್ದಾರೆ, ಸಾಲ ಕೊಟ್ಟಿದ್ದು ವಸೂಲಿ ಮಾಡಿದ್ರೆ ಕಳ್ಳತನ ಅಂತಾರಾ?

ಸ್ಟಾನ್ ಬ್ರಾಖೇಜ್ ಅನ್ನೋ ಅಮೆರಿಕದ ನಿರ್ದೇಶಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 1963ರಲ್ಲಿ ಕ್ಯಾಮೆರಾನೇ ಇಲ್ಲದೆ ಒಂದು ಸಿನಿಮಾ ಮಾಡಿದ. ಸತ್ತ ಪತಂಗದ ರೆಕ್ಕೆ, ಹೂವಿನ ಎಸಳು, ಹುಲ್ಲು, ಇವನ್ನ ಎರಡು ಪಾರದರ್ಶಕ ಟೇಪ್ ನಡುವೆ ಅಂಟಿಸಿ ಅದನ್ನೇ ಪ್ರಿಂಟ್ ಹಾಕಿ ಓಡಿಸಿದ, ‘ಮಾತ್‌ಲೈಟ್’ ಅಂತ, ಮೂರ್ನಾಲ್ಕು ನಿಮಿಷ ಅಷ್ಟೇ. ನಾನು ಅದನ್ನ ನೋಡಿದ ರಾತ್ರಿ ಬರೆದ ಗೀಚಿನಿಂದ ಬಂದ ಪ್ರಾಣಿ ನನ್ನ ಹತ್ರ ಇನ್ನೂ ಇದೆ, ಹರಿಯದೆ ಉಳ್ಕೊಂಡಿರೋ ಕೆಲವೇ ಹಾಳೆಗಳಲ್ಲಿ ಅದೂ ಒಂದು. ಅದಕ್ಕೆ ಮೈಯೇ ಇಲ್ಲ, ಬರೀ ರೆಕ್ಕೆಯ ನರಗಳು, ನರಗಳ ನಡುವೆ ಒಂದು ಹಲ್ಲು. ಹಲ್ಲು ಯಾಕೆ ಬಂತು ಅಂತ ನನ್ನ ಕೇಳ್ಬೇಡಿ.

ಹೀಗೆ ಕೇಳ್ಬೇಡಿ ಅನ್ನೋದು ಜಂಭಕ್ಕಲ್ಲ. ಇಲ್ಲೇ ನಿಮ್ಮ ಕ್ಯಾಪ್ಷನ್ ವಿಷಯ ಬರೋದು. ಡೇವಿಡ್ ಲಿಂಚ್ 1977ರಲ್ಲಿ ತೆಗೆದ ‘ಇರೇಸರ್‌ಹೆಡ್’ ಸಿನಿಮಾದಲ್ಲಿ ಒಂದು ಮಗು ಇದೆ, ಮಗು ಅನ್ಬೇಕೋ ಬೇಡ್ವೋ, ಬಟ್ಟೆ ಸುತ್ತಿರೋ ಒಂದು ಜೀವ, ಚರ್ಮ ಒದ್ದೆ ಒದ್ದೆ, ಅಳತ್ತೆ, ಉಸಿರಾಡತ್ತೆ. ಅದನ್ನ ಯಾವುದ್ರಿಂದ ಮಾಡಿದ್ರಿ ಅಂತ ಜನ ಜೀವಮಾನ ಪೂರ್ತಿ ಕೇಳಿದ್ರೂ ಆ ಮನುಷ್ಯ ಸಾಯೋವರೆಗೂ ಬಾಯಿ ಬಿಡಲಿಲ್ಲ. ಸಿನಿಮಾದ ಅರ್ಥಾನೂ ಹೇಳಲಿಲ್ಲ. ಹೇಳಿದ್ದಿದ್ರೆ ಅದು ಯಾವತ್ತೋ ಒಂದು ರಬ್ಬರ್ ಬೊಂಬೆ ಆಗಿ ಮ್ಯೂಸಿಯಂ ಸೇರ್ತಿತ್ತು. ನೀವು ಆರು ಪದದಲ್ಲಿ... ಆರೂ ಇಲ್ಲ, ನಾಲ್ಕೇ ಪದದಲ್ಲಿ ಆ ಕಿಟಕಿ ಮುಖಕ್ಕೆ ಅರ್ಥ ಹಚ್ಚಿಬಿಟ್ರಿ. ಒಂಟಿತನ ಅಂತೆ. ಇರ್ಬಹುದು, ನನಗಂತೂ ಅದನ್ನ ಮೊದಲ ಸಲ ನೋಡಿದಾಗ ಯಾರೋ ಒಳಗಿಂದ ನೋಡ್ತಿದ್ದಾರೆ ಅನ್ಸಿತ್ತು, ಎರಡನೇ ಸಲ ಮನೆ ಖಾಲಿ ಆಗಿದೆ ಅನ್ಸಿತ್ತು, ಮೂರನೇ ಸಲ ನಗು ಬಂದಿತ್ತು ಆ ಶೂ ನೋಡಿ. ಕ್ಯಾಪ್ಷನ್ ಓದ್ಕೊಂಡೇ ಚಿತ್ರ ನೋಡಿದೋರಿಗೆ ಈ ಮೂರರಲ್ಲಿ ಒಂದೂ ಸಿಗಲ್ಲ, ಒಂಟಿತನ ಅಂತೆ ಅಂದ್ಕೊಂಡು ಪುಟ ತಿರುಗಿಸ್ತಾರೆ.

ಮಾಯಾ ಡೆರೆನ್ ಅನ್ನೋ ಹೆಣ್ಣುಮಗಳು 1943ರಲ್ಲಿ ಗಂಡನ ಜೊತೆ ಸೇರ್ಕೊಂಡು ತಮ್ಮ ಮನೇಲೇ ಒಂದು ಹದಿನಾಲ್ಕು ನಿಮಿಷದ ಸಿನಿಮಾ ತೆಗೆದ್ರು, ‘ಮೆಶಸ್ ಆಫ್ ದಿ ಆಫ್ಟರ್‌ನೂನ್’. ಅದ್ರಲ್ಲಿ ಕಪ್ಪು ನಿಲುವಂಗಿ ಹೊದ್ದ ಒಂದು ಆಕೃತಿ ಕೈಯಲ್ಲಿ ಹೂವು ಹಿಡ್ಕೊಂಡು ನಡ್ಕೊಂಡು ಹೋಗತ್ತೆ, ತಿರುಗಿದ್ರೆ ಮುಖದ ಜಾಗದಲ್ಲಿ ಕನ್ನಡಿ. ಅಷ್ಟೇ. ರಕ್ತ ಇಲ್ಲ, ಕೋರೆಹಲ್ಲಿಲ್ಲ, ಖರ್ಚೂ ಇಲ್ಲ. ಇಷ್ಟು ಸಿನಿಮಾಗಳಲ್ಲಿ ನನ್ನನ್ನ ಜಾಸ್ತಿ ಕಾಡಿರೋ ಮಾನ್ಸ್ಟರ್ ಅದೇ. ಅದನ್ನ ಇಂಕಿನಲ್ಲಿ ತರೋಕೆ ನಾನು ಏಳೆಂಟು ಸಲ ಒದ್ದಾಡಿದ್ದೀನಿ, ಕನ್ನಡಿಯೊಳಗೆ ಏನು ಬರೆಯೋದು? ಮೋಡ ಬರೆದೆ, ಮರ ಬರೆದೆ, ಒಂದು ಸಲ ನನ್ನದೇ ಮುಖ ಬರೆದೆ, ಅದಂತೂ ಪಾಸ್‌ಪೋರ್ಟ್ ಫೋಟೋ ಥರ ಬಂತು. ಕೊನೆಗೆ ಏನೂ ಬರೆಯದೆ ಬಿಟ್ಟೆ. ಬಿಳಿ ಕಾಗದ. ಆವಾಗ ಅದು ತಿರುಗಿ ನನ್ನನ್ನ ನೋಡ್ತು. ನಿಮ್ಮ ಪುರವಣಿಯ ಚಿತ್ರ ಬರೆದೋರೂ ಆ ಕಿಟಕಿ ಹತ್ರ ಹೀಗೇ ಒದ್ದಾಡಿರ್ತಾರೆ ಅಂತ ನನ್ನ ಊಹೆ, ಅದಕ್ಕೇ ನನಗೆ ಆ ಕೆಂಪು ಟಿಂಟ್ ನೋಡಿ ಅಷ್ಟು ಉರಿದಿದ್ದು.

ಈಗ ಮಕ್ಕಳ ವಿಷಯ. ಮಕ್ಕಳು ಹೆದರ್ತಾರೆ ಅನ್ನೋದನ್ನ ನಾನು ತಳ್ಳಿಹಾಕಲ್ಲ, ಕರುಳು ಈಚೆ ಬಂದಿರೋ ಚಿತ್ರನ ಭಾನುವಾರದ ಪುಟಕ್ಕೆ ಹಾಕಿ ಅಂತ ನಾನೂ ಹೇಳಲ್ಲ. ಆದ್ರೆ ಈ ಚಿತ್ರದಲ್ಲಿ ಗಾಯ ಇಲ್ಲ, ಆಯುಧ ಇಲ್ಲ, ಯಾರಿಗೂ ಏನೂ ಆಗ್ತಿಲ್ಲ, ಒಂದು ದೊಡ್ಡ ಮೈ ಸಣ್ಣ ಬಾಗಿಲಲ್ಲಿ ಸಿಕ್ಕಾಕೊಂಡಿದೆ. ಮಕ್ಕಳಿಗೆ ಪೆನ್ಸಿಲ್ ಕೊಟ್ಟು ನೋಡಿ, ಐದು ಕಾಲು, ಹೊಟ್ಟೇಲಿ ಬಾಗಿಲು, ತಲೆ ಮೇಲೆ ಮೆಟ್ಟಿಲು, ಎಲ್ಲ ಬರೀತಾರೆ, ಯಾರೂ ಹೇಳ್ಕೊಡದೇನೇ. ಮತ್ತೆ ನಮ್ಮ ಭಾಷೇಲಿ ಗುಮ್ಮ ಅಂತ ಒಂದು ಪದ ಇದ್ಯಲ್ಲ, ಅದು ಹೇಗಿರತ್ತೆ ಅಂತ ಯಾರಾದ್ರೂ ಹೇಳ್ತೀರಾ? ಕೊಂಬಿದ್ಯಾ, ಎಷ್ಟು ಕಣ್ಣು? ಯಾರಿಗೂ ಗೊತ್ತಿಲ್ಲ. ರಾಕ್ಷಸ ಅಂದ ತಕ್ಷಣ ಮೀಸೆ, ಗದೆ, ಅಟ್ಟಹಾಸ ಕಣ್ಣಿಗೆ ಬರತ್ತೆ, ಗುಮ್ಮ ಅಂದ್ರೆ ಏನೂ ಬರಲ್ಲ, ಅದಕ್ಕೇ ಗುಮ್ಮನ ಕೆಲಸ ರಾಕ್ಷಸನಿಂದ ಆಗಲ್ಲ. ಸರ್ರಿಯಲ್ ಮಾನ್ಸ್ಟರ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಿ ಅಂತ ಕೇಳಿದ್ರೆ ನಾನು ವಿಕೃತಿ ಗಿಕೃತಿ ಅನ್ನಲ್ಲ, ಗುಮ್ಮ ಅಂತೀನಿ.

ಈ ಜಾತಿ ಚಿತ್ರ ಎಲ್ಲಾನೂ ಚೆನ್ನಾಗಿರತ್ತೆ ಅಂತಾನೂ ಅಲ್ಲ, ಅದನ್ನೂ ಹೇಳ್ಬಿಡ್ತೀನಿ. ಅಕ್ಟೋಬರ್ ಬಂತು ಅಂದ್ರೆ ದಿನಕ್ಕೊಂದು ಇಂಕ್ ಚಿತ್ರ ಹಾಕೋ ಚಾಲೆಂಜ್ ಶುರುವಾಗತ್ತೆ, 2009ರಿಂದ ನಡೀತಿದೆ, ಆ ತಿಂಗಳು ಪೂರ್ತಿ ಮೊಬೈಲ್ ತೆಗೆದ್ರೆ ಬರೀ ಆಕ್ಟೋಪಸ್ ಬಾಹು, ತಲೆಬುರುಡೆ, ಕಣ್ಣಿಂದ ಸೋರೋ ಕಪ್ಪು. ಮೈ ತುಂಬ ಕಣ್ಣು ಅಂಟಿಸಿದ್ರೆ ಮಾನ್ಸ್ಟರ್ ಆಗಲ್ಲ, ಕಣ್ಣಿನ ಅಂಗಡಿ ಆಗತ್ತೆ. ಓಡಿಲೋನ್ ರೆಡಾನ್ ಅನ್ನೋ ಫ್ರಾನ್ಸಿನ ಕಲಾವಿದ 1881ರಲ್ಲಿ ಇದ್ದಿಲಿನಲ್ಲಿ ಒಂದು ನಗೋ ಜೇಡ ಬರೆದ, ಸುಮ್ನೆ ನೋಡಿದ್ರೆ ಒಂದು ಕಪ್ಪು ಉಂಡೆ, ಅದಕ್ಕೊಂದು ನಗು, ಸುತ್ತ ಕಾಲು. ಎಣಿಸಿದ್ರೆ ಕಾಲು ಹತ್ತಿವೆ, ಜೇಡಕ್ಕೆ ಎಂಟು ತಾನೇ ಇರ್ಬೇಕಾದ್ದು. ಆ ಎರಡು ಕಾಲು ಹೆಚ್ಚು ಅನ್ನೋದು ಎಣಿಸೋವರೆಗೂ ಗೊತ್ತಾಗಲ್ಲ, ಆದ್ರೆ ಏನೋ ಸರಿ ಇಲ್ಲ ಅಂತ ಕಣ್ಣಿಗೆ ಮೊದಲೇ ಗೊತ್ತಾಗಿರತ್ತೆ. ಅಳತೆ ಅಂದ್ರೆ ಇದು. ನಿಮ್ಮ ಚಿತ್ರದ ಮೂರನೇ ಕಾಲೂ ಅಂಥದ್ದೇ, ಮೊದಲ ನೋಟಕ್ಕೆ ಅದು ಬಾಗಿಲ ಹಿಂದೆ ನಿಂತಿರೋ ಬೇರೆ ಯಾರದ್ದೋ ಕಾಲು ಅನ್ಸತ್ತೆ, ಮಂಡಿ ಹಿಡ್ಕೊಂಡು ಮೇಲೆ ಹೋದ್ರೆ ಅದೇ ಮೈಗೆ ಸೇರತ್ತೆ. ಆದ್ರೆ ನಿಮ್ಮ ಪುಟದಲ್ಲಿ ಮಂಡಿ ಎಲ್ಲಿದೆ ಹೇಳಿ, ಎಲ್ಲ ಬೂದು.

ಈ ಬೂದಿನ ಬಗ್ಗೆ ಸ್ವಲ್ಪ ಹೇಳ್ಬೇಕು, ನಿಮ್ಮ ಪ್ರೆಸ್ಸಿನೋರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು, ಗೊತ್ತಿದ್ದೂ ಹೀಗಾಗಿದ್ದಕ್ಕೇ ಬೇಜಾರು. ಫೋಟೋನ ಪೇಪರಲ್ಲಿ ಹಾಕೋವಾಗ ಅದನ್ನ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೀತಾರೆ, ಹಾಫ್‌ಟೋನ್ ಅಂತ, ನ್ಯೂಸ್‌ಪ್ರಿಂಟ್‌ಗೆ ಸಾಮಾನ್ಯವಾಗಿ ಇಂಚಿಗೆ 85ರಿಂದ 100 ಸಾಲು ಚುಕ್ಕಿ. ಫೋಟೋಗೆ ಅದು ಸರಿ. ಗೆರೆ ಚಿತ್ರನೂ ಅದೇ ದಾರೀಲಿ ಕಳಿಸಿದ್ರೆ ಒಂದೊಂದು ಗೆರೇನೂ ಚುಕ್ಕಿ ಚುಕ್ಕಿಯಾಗಿ ಕತ್ತರಿಸಿ ಹೋಗತ್ತೆ, ಅಂಚು ಗರಗಸ ಆಗತ್ತೆ, ಅದ್ರ ಮೇಲೆ ಆ ಕಾಗದ ಇಂಕು ಹೀರ್ಕೊಂಡು ಚುಕ್ಕಿ ಊದ್ಕೊಳ್ಳತ್ತೆ, ಗೆರೆ ನಡುವಿನ ಬಿಳಿ ಮುಚ್ಚೋಗತ್ತೆ. ಗೆರೆ ಚಿತ್ರನ ಗೆರೆ ಚಿತ್ರವಾಗಿಯೇ ಸ್ಕ್ಯಾನ್ ಮಾಡ್ಬೇಕು, 1200 ಡಿಪಿಐ, ಅಂದ್ರೆ ಇಂಚಿಗೆ 1200 ಚುಕ್ಕಿ, ಬೂದು ಇಲ್ಲದ ಬರೀ ಕಪ್ಪು ಬಿಳುಪು ಬಿಟ್‌ಮ್ಯಾಪ್, ಹಾಗಾದ್ರೆ ಅದು ಆ ಹಾಫ್‌ಟೋನ್ ಚುಕ್ಕಿಗೆ ಸಿಗದೆ ಅಂಚು ಚೂಪಾಗಿ ಬರತ್ತೆ. ಇನ್ನೊಂದು, ಆ ಪುಟದ ಕಪ್ಪನ್ನ ಭೂತಗನ್ನಡಿ ಇಟ್ಟು ನೋಡ್ದೆ, ಗೆರೆ ಪಕ್ಕದಲ್ಲಿ ನೀಲಿ ಒಂದು ಕಡೆ ಗುಲಾಬಿ ಒಂದು ಕಡೆ ಇಣುಕ್ತಿತ್ತು. ಅಂದ್ರೆ ಕಪ್ಪನ್ನ ನೀಲಿ, ಗುಲಾಬಿ, ಹಳದಿ, ಕಪ್ಪು ನಾಲ್ಕೂ ಬಣ್ಣ ಸೇರಿಸಿ ಹೊಡೆದಿದ್ದಾರೆ, ಒಂದೊಂದು ಬಣ್ಣಕ್ಕೂ ಇರೋ ಅಚ್ಚಿನ ಪ್ಲೇಟು ಕೂದಲೆಳೆಯಷ್ಟು ಆಚೀಚೆ ಆದ್ರೂ ಗೆರೆಗೆ ಜ್ವರ ಬಂದ ಹಾಗೆ ಆಗತ್ತೆ. ಬರೀ ಕಪ್ಪು ಪ್ಲೇಟಲ್ಲಿ ಹೊಡೆದಿದ್ರೆ ಈ ಗೋಳೇ ಇರ್ತಿರಲಿಲ್ಲ, ಇಂಕೂ ಉಳೀತಿತ್ತು.

ಇಷ್ಟೆಲ್ಲ ಯಾಕೆ ಒಂದು ಚಿತ್ರಕ್ಕೆ ಅಂತ ನೀವು ಕೇಳಬಹುದು. ಈ ಸಿನಿಮಾಗಳನ್ನ ಮಾಡಿದೋರು ಕಪ್ಪಿಗೋಸ್ಕರ ಎಷ್ಟು ಪಾಡು ಪಟ್ಟಿದ್ದಾರೆ ಅಂತ ನೋಡಿದ್ರೆ ಇದು ಏನೂ ಅಲ್ಲ. ಎಲಾಯಸ್ ಮೆರಿಜ್ ಅನ್ನೋ ಅಮೆರಿಕದ ನಿರ್ದೇಶಕ ತನ್ನ ‘ಬಿಗಾಟನ್’ ಸಿನಿಮಾ ಶೂಟ್ ಮಾಡಾದ್ಮೇಲೆ ಅದ್ರ ನಡುವಿನ ಬೂದನ್ನೆಲ್ಲ ಕೊಂದು ಸುಟ್ಟ ಬಿಳಿ, ಕಡು ಕಪ್ಪು ಎರಡೇ ಉಳೀಬೇಕು ಅಂತ ಇಡೀ ಫಿಲಂನ ಫ್ರೇಮ್ ಫ್ರೇಮಾಗಿ ಮತ್ತೆ ಫೋಟೋ ತೆಗೆದ, ಒಂದು ನಿಮಿಷದ ಸಿನಿಮಾಗೆ ಎಂಟರಿಂದ ಹತ್ತು ಗಂಟೆ. ಅದನ್ನ ನೋಡೋದು ಹಿಂಸೆ, ನಾನು ಮೊದಲ ಸಲ ಅರ್ಧಕ್ಕೇ ಎದ್ದೋದೆ, ಸಿನಿಮಾ ಇಷ್ಟ ಅಂತಲೂ ಹೇಳಲಾರೆ. ಆದ್ರೆ ಪರದೆ ಮೇಲೆ ಓಡಾಡೋದು ಮನುಷ್ಯರೋ ಇಂಕು ಚೆಲ್ಲಿದ ಕಲೆಗಳೋ ಅಂತ ಗೊತ್ತಾಗದೆ ಹೋಗೋ ಆ ಕ್ಷಣ ಇದ್ಯಲ್ಲ, ಅದಕ್ಕೇ ಇಲಸ್ಟ್ರೇಟರ್‌ಗಳು ಅದ್ರ ಮೇಲೆ ಬೀಳೋದು. ಕಣ್ಣು ತಾನೇ ಕಲೆಯೊಳಗೆ ಪ್ರಾಣಿ ಹುಡುಕ್ಕೊಳ್ಳತ್ತೆ. 1921ರಲ್ಲಿ ರೋರ್ಷಾಕ್ ಅನ್ನೋ ಡಾಕ್ಟರು ಹತ್ತು ಇಂಕಿನ ಕಲೆ ಇಟ್ಕೊಂಡು, ಇದ್ರಲ್ಲಿ ನಿಮಗೇನು ಕಾಣತ್ತೆ ಅಂತ ಕೇಳಿ ಮನಸ್ಸು ಅಳೆಯೋ ಪರೀಕ್ಷೆನೇ ಮಾಡಿಟ್ರಲ್ಲ. ಆ ಹತ್ತು ಕಾರ್ಡಿಗೂ ಕೆಳಗೆ ಇದು ಬಾವಲಿ, ಇದು ಚಿಟ್ಟೆ ಅಂತ ಕ್ಯಾಪ್ಷನ್ ಹಾಕಿದ್ರೆ ಹೇಗಿರ್ತಿತ್ತು ಯೋಚನೆ ಮಾಡಿ.

ಜಪಾನಿನ ನಿರ್ದೇಶಕ ತ್ಸುಕಾಮೋಟೊ 16 ಎಂಎಂ ಕಪ್ಪು ಬಿಳುಪಿನಲ್ಲಿ ‘ತೆತ್ಸುವೊ’ ಅಂತ ತೆಗೆದ್ರು, 1989ರದ್ದು, ಒಬ್ಬ ಆಫೀಸಿನ ಮನುಷ್ಯನ ಮೈಯೊಳಗಿಂದ ಕಬ್ಬಿಣ ಬೆಳೆಯೋಕೆ ಶುರುವಾಗತ್ತೆ. ಅದ್ರ ಬಗ್ಗೆ ಬರೆಯೋಕೆ ಹೋದ್ರೆ ಇನ್ನೊಂದು ಪತ್ರನೇ ಆಗತ್ತೆ, ಬಿಡಿ. ಇಷ್ಟು ಹೇಳ್ತೀನಿ, ವೈರು ಪೈಪು ಮೊಳೆ ಬರೆಯೋಕೆ ಅದಕ್ಕಿಂತ ಒಳ್ಳೆ ಮೇಷ್ಟ್ರು ನನಗೆ ಸಿಕ್ಕಿಲ್ಲ.

ಸಂಪಾದಕರೇ, ನಾನು ಕೇಳ್ಕೊಳ್ಳೋದು ಇಷ್ಟೇ. ಆ ಚಿತ್ರನ ಇನ್ನೊಂದು ಸಲ ಹಾಕಿ. ಕಲಾವಿದರ ಹತ್ರ ಮೂಲದ ಒಳ್ಳೆ ಸ್ಕ್ಯಾನ್ ಕೇಳಿ ತರಿಸ್ಕೊಳ್ಳಿ, ಅರ್ಧ ಪುಟ ಕೊಡಿ, ಆಗಲ್ಲ ಅಂದ್ರೆ ಕಾಲು ಪುಟಕ್ಕಿಂತ ಕಮ್ಮಿ ಬೇಡ, ಕಪ್ಪು ಪ್ಲೇಟ್ ಒಂದರಲ್ಲೇ ಹೊಡೀರಿ, ಟಿಂಟ್ ಬೇಡ, ಕ್ಯಾಪ್ಷನ್ ಬೇಡ, ಬರೆದೋರ ಹೆಸರು ಮಾತ್ರ ಮರೀಬೇಡಿ, ಲೇಖನ ಬರೆದೋರ ಹೆಸರಷ್ಟೇ ದಪ್ಪಕ್ಕೆ ಹಾಕಿ. ಸಿನಿಮಾ ಹೆಸರು ಹಾಕೋದು ಬಿಡೋದು ಅವ್ರಿಷ್ಟ. ಆಮೇಲೂ ಓದುಗರು ಬೈದ್ರೆ ಬೈಲಿ, ಅವಾಗ ಅವ್ರು ಚಿತ್ರಕ್ಕೇ ಬೈತಿರ್ತಾರೆ, ಅದ್ರಲ್ಲಿ ನನಗೇನೂ ತಕರಾರಿಲ್ಲ. ಮಕ್ಕಳ ಬಗ್ಗೆ ಬರೆದಿದ್ರಲ್ಲ, ಅವ್ರೂ ಇನ್ನೊಂದು ಸಲ ನೋಡ್ಲಿ ಅಂತ ನನ್ನಾಸೆ, ಮಕ್ಕಳನ್ನೂ ಕೂರಿಸ್ಕೊಂಡೇ ನೋಡ್ಲಿ.

ಮತ್ತೆ ಪುಟ ಕಟ್ಟೋರಿಗೆ ಒಂದು ಮಾತು. ನಾನು ಮೂರನೇ ಕಾಲಿನ ಶೂ ನೋಡಿ ನಕ್ಕೆ ಅಂದ್ನಲ್ಲ, ಅದಕ್ಕೆ ಲೇಸ್ ಇದೆ. ತೀರ ತೆಳು ಗೆರೆ, ಕಟ್ಟಿಲ್ಲ, ಬಿಚ್ಚಿ ನೆಲದ ಮೇಲೆ ಹರಡಿದೆ, ಹಾಗೇ ಬಾಗಿಲ ಹೊಸ್ತಿಲು ದಾಟಿ ಹಾಳೆ ಅಂಚಿನವರೆಗೂ ಬಂದಿದೆ, ನೋಡೋರು ಕೈ ಚಾಚಿದ್ರೆ ಸಿಗೋ ಹಾಗೆ. ನಿಮ್ಮಲ್ಲಿ ಅಂಚು ಟ್ರಿಮ್ ಮಾಡೋವಾಗ ಅದು ಕಟ್ ಆಗಿದೆ.

ಇತಿ,
ಭಾನುವಾರದ ಪುರವಣಿಗೋಸ್ಕರಾನೇ ಪೇಪರ್ ತರಿಸೋ ಒಬ್ಬ ಓದುಗ